ಅರ್ಧಕ್ಕರ್ಧ ಸುಂಕ

ಬೀದರಿನ ಚೌಬಾರಾ ಹಿಂದಿನ ಗಲ್ಲಿಯೊಳಗ
ನಲವತ್ತೊಂದು ಬಿದರಿ ಹೂದಾನಿ
ರದ್ದಿ ಪೇಪರ್ ಸುತ್ತಿಕೊಂಡು ಕುಂತಾವ.
ಅಮೆರಿಕಾದ ಆರ್ಡರ್ ರದ್ದು.
ನಲವತ್ತೊಂದನೇದು
ಒಂದು ಡೊಂಕಾದ್ರ ಇರಲಿ ಅಂತ ಮಾಡಿದ್ದು.

ಜಿಲಾನಿ ಉಸ್ತಾದ್ ಕೇಳಿದರು:
"ಬಿಲ್ ಬರೆಯೋನು ನೀನು, ಹೇಳು,
ಅಲ್ಲಿ ಆ ಸಹಿ ಒತ್ತಿದವಗ
ಲೆಕ್ಕ ಕೇಳೋರು ಯಾರು?"

ಅಲ್ಲಿಯ ಮಂದಿನೇ ಕೇಳಬೇಕ್ರಿ, ಅಂದೆ.
ಅವರಿಗೂ ತತ್ತಿ ತುಟ್ಟಿ, ಬಾಡಿಗಿ ತುಟ್ಟಿ;
ವೋಟು ಹಾಕಿದ ಮ್ಯಾಲ
ನಮ್ಮಂಗ ಟಿವಿ ಮುಂದ ಕುಂತು ಬೈತಾರ, ಅಷ್ಟೇ.

ಉಸ್ತಾದ್ ನಗಲಿಲ್ಲ.
ಕೋಟೆ ಮಣ್ಣಿನ ಕುದಿನೀರಾಗ
ಪುಟ್ಟದೊಂದು ಡಬ್ಬಿ ಅದ್ದಿ ತೆಗೆದರು.
ಸತು ಕರ್ರಗಾಯ್ತು.
ಬೆಳ್ಳಿಗೆ ಏನೂ ಆಗಲಿಲ್ಲ.

"ತಪ್ಪೂ ಹಿಂಗೇ ಹತ್ತತದ ನೋಡು," ಅಂದರು.
"ಏಳು, ಬಾಗಲಾ ಮುಂದ ಮಾಡು,
ಕರೆಂಟ್ ಬಿಲ್ಲಿನವ ಬಂದಾನ."