ಎಡಸುತ್ತು, ಬಲಸುತ್ತು

ಚೀಟಿ ಬರೆದುಕೊಟ್ಟವಳು ನಾನೇ, ಇಬ್ಬರಿಗೂ, ಒಂದೇ ವಾರದಲ್ಲಿ:
ದಿನಕ್ಕೊಂದು ಸುತ್ತು, ನಾಲ್ಕು ಕಿಲೋಮೀಟರು,
ಅವಸರ ಬೇಡ, ಬಗ್ಗುವುದಂತೂ ಬೇಡವೇ ಬೇಡ.
ನಲವತ್ತು ವರ್ಷ ಕೆಸರಿಗೆ ಬಗ್ಗಿ ಮರುವಾಯಿ ಹೆಕ್ಕಿದ ಸೊಂಟಗಳು,
ಒಂದು ಒಬ್ದುಲಿಯಾಳದು,
ಇನ್ನೊಂದು ಅವಳ ನಾದಿನಿ ಎರುಂದಿನಾಳದು.

ಗಲೀಸಿಯಾದ ಒಳಗಡಲು ಇದು.
ಹೊರಗೆ ಅಟ್ಲಾಂಟಿಕ್ ಎಷ್ಟೇ ಕೂಗಾಡಲಿ,
ದ್ವೀಪದ ಮಗ್ಗುಲು ದಾಟಿ ಇಲ್ಲಿಗೆ ಬರುವಾಗ
ಚಪ್ಪಲಿ ಹೊರಗೆ ಬಿಟ್ಟು ಬಂದ ನೆಂಟನ ಹಾಗೆ
ಮೆಲ್ಲಗೆ ಗೋಡೆ ಬದಿ ಕೂರುತ್ತದೆ.
ನೀಲಿಕಲ್ಲು ಬೆಳೆಸುವ ತೆಪ್ಪಗಳು ಕಟ್ಟಿದಲ್ಲೇ ತೂಕಡಿಸುತ್ತವೆ.

ದಾರಿಯೂ ಅಂಥದೇ, ಏದುಸಿರು ಕೇಳದ ದಾರಿ.
ಇಗರ್ಜಿಯ ಮುಂದಿನ ಕಲ್ಲುತೊಟ್ಟಿಯಿಂದ ಹೊರಟರೆ
ಮುಚ್ಚಿಹೋದ ಮೀನಿನ ಕಾರ್ಖಾನೆ, ನೀಲಗಿರಿ ತೋಪು,
ಕಲ್ಲುಕಾಲುಗಳ ಮೇಲೆ ನಿಂತ ಜೋಳದ ಕಣಜ,
ಅಳಿವೆಗೆ ಹಾಸಿದ ಹಲಗೆ ಸೇತುವೆ,
ಆಮೇಲೆ ಎಲಾದಿಯೊನ ದೋಣಿಕೊಟ್ಟಿಗೆ,
ಒಬ್ಬಳ ಗಂಡ, ಒಬ್ಬಳ ಅಣ್ಣ, ಈಗ ಬರೀ ಬೀಗ.
ಮತ್ತೆ ಅದೇ ತೊಟ್ಟಿ.

ಒಬ್ದುಲಿಯಾ ಬಲಸುತ್ತು. ಎರುಂದಿನಾ ಎಡಸುತ್ತು.
ಮಾತು ಬಿಟ್ಟು ಹನ್ನೊಂದು ವರ್ಷ.
ಯಾಕೆಂದು ಕೇಳಿದರೆ ಇವಳು ಮರಳಿನ ಗಡಿಗೂಟ ಅನ್ನುತ್ತಾಳೆ,
ಅವಳು, ಸಾವಿನ ಮನೆಯಲ್ಲಿ ಯಾರು ಮೊದಲು ಅತ್ತರು ಎಂಬ ಮಾತು.
ಬೆನ್ನು ತಿರುಗಿಸಿ ಹೊರಟವರಿಗೆ
ದಾರಿ ದುಂಡಗಿದೆ ಅನ್ನುವುದು ಹೊಳೆಯಲಿಲ್ಲವೋ
ಹೊಳೆದೇ ಹೊರಟರೋ!
ದಿನವೂ ಸೇತುವೆಯ ಮೇಲೆ ಎದುರಾಗುತ್ತಾರೆ.
ಹಲಗೆ ಒಬ್ಬರಿಗಷ್ಟೇ ಅಗಲ.
ಒಬ್ಬಳು ಕಟಕಟೆಗೆ ಒರಗಿ ನೀರು ನೋಡಬೇಕು, ಇನ್ನೊಬ್ಬಳು ದಾಟಬೇಕು.
ಸೋಮವಾರ ಇವಳು ನಿಂತರೆ ಮಂಗಳವಾರ ಅವಳು.
ಇಷ್ಟು ಅಚ್ಚುಕಟ್ಟಾದ ಜಗಳ ನಾನು ಕಂಡಿಲ್ಲ.

ಮೊನ್ನೆ ಮಂಜು. ಇಳಿತದ ಹೊತ್ತು.
ಒಬ್ದುಲಿಯಾಳ ಸರದಿ, ಒರಗಿ ನಿಂತಳು.
ನೀರು ನೋಡಿದಳು. ನೀರು ಹೋದ ಮೇಲೆ ಕೆಸರು ನೋಡಿದಳು.
ಬೆಳ್ಳಕ್ಕಿಯೊಂದು ಎರಡು ಸಲ ಕಾಲು ಬದಲಿಸಿತು.
ಯಾರೂ ಬರಲಿಲ್ಲ.

ಹುಡುಕಲು ಹೋದಳು ಅನ್ನುವಂತಿಲ್ಲ.
ತನ್ನ ಪಾಡಿಗೆ ತಾನು ನಡೆದರೂ ಅವಳೇ ಸಿಗಬೇಕು;
ದುಂಡು ದಾರಿ ಮಾಡುವ ಉಪಕಾರ ಅಷ್ಟು.
ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದಳಂತೆ ಎರುಂದಿನಾ,
ಬಿಚ್ಚಿದ ಬೂಟಿನ ದಾರ, ಕೈಗೆ ಎಟುಕದ ಪಾದ.
ಕಂಡವನು ಅಂಚೆಯ ಬ್ರೈಸ್, ಸೈಕಲ್ಲು ಹಿಡಿದು ಮಂಜಿನಲ್ಲೇ ನಿಂತನಂತೆ.
"ಉಬ್ಬರ ಎಷ್ಟಕ್ಕೆ?"
"ಹನ್ನೆರಡೂ ಕಾಲಿಗೆ."
ಅಷ್ಟೇ ಮಾತು.

ಇವತ್ತು ಬೆಳಿಗ್ಗೆ ನನ್ನ ಬಾಗಿಲಲ್ಲಿ ಇಬ್ಬರೂ,
ಬೆಂಚಿನ ಈ ತುದಿ, ಆ ತುದಿ. ಇಬ್ಬರಿಗೂ ಸೊಂಟ ಹಿಡಿದಿದೆ.
ಬಗ್ಗಬೇಡಿ ಅಂದಿದ್ದೆನಲ್ಲ, ಅಂದೆ.
"ಏನೋ ಬಿದ್ದಿತ್ತು, ಹೆಕ್ಕಿದೆ," ಅಂದಳು ಎರುಂದಿನಾ.
ನಿನಗೇನಾಯಿತು?
ಒಬ್ದುಲಿಯಾ ಕಿಟಕಿಯಾಚೆ ನೀರು ನೋಡಿದಳು.
"ನಾನೇ ಅಲ್ಲವೇ ಬಿದ್ದದ್ದು,
ಗಂಟು ಹಾಕಿ ಏಳಲಾರದೆ."