ಕಪ್ಪು ಹಿತ್ತಾಳೆಗೆ

ಮೂವತ್ತು ವರ್ಷ ಮೀನು ಸೀಳಿದ ಕೈ ಇದು.
ಮೊದಲು ಕಾಡ್, ಕಾಡ್ ಮುಗಿದ ಮೇಲೆ ಏಡಿ.
ಚೂರಿ ಬೆನ್ನುಮೂಳೆಯ ಬಳಿ ಎಲ್ಲಿ ಹೊರಳಬೇಕೆಂದು
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಇವತ್ತು ಅಡುಗೆಮನೆಯ ಪ್ಲಗ್ಗಿನ ಮುಂದೆ
ಮಂಡಿಯೂರಿ ಕೂತವಳು
ಒಂದನೇ ಕ್ಲಾಸು.

ಪಕ್ಕದ ನೀಲಿ ಮನೆಯ ಆಂಬ್ರೋಸ್ ಕುರ್ಚಿಯಲ್ಲಿದ್ದಾನೆ.
ಕಂಬ ಹತ್ತಿ ಹತ್ತಿ ಕಾಲು ಸೋತ ಲೈನ್‌ಮ್ಯಾನ್.
ಮೊದಲೇ ಕರಾರು: ನಾನು ಏಳುವುದಿಲ್ಲ, ಡಲ್ಸಿ.
ಕೈ ನಿನ್ನದು, ಬಾಯಿ ನನ್ನದು.

ನೆಲಮಾಳಿಗೆಗೆ ಇಳಿದೆ.
ಹನ್ನೊಂದನೇ ಬ್ರೇಕರಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ
'ಅಡುಗೆ' ಎಂದು ಬರೆದು, ಅನುಮಾನ ಬಂದು
ಪ್ರಶ್ನೆಯ ಕೊಕ್ಕೆ ಹಾಕಿದ್ದಾರೆ.
ಅದನ್ನು ಆಚೆ ತಳ್ಳಿ, ಟೇಪು ಬಿಗಿದು, ಚೀಟಿ ಅಂಟಿಸಿದೆ:
ಮುಟ್ಟೀರಿ ಜೋಕೆ, ನನ್ನ ಕೈ ಗೋಡೆಯೊಳಗಿದೆ.

ಮೇಲೆ ಬಂದಾಗ ರೇಡಿಯೋ ಸುಮ್ಮನಾಗಿತ್ತು.
ಕರೆಂಟು ಹೋಯಿತು, ಎಂದೆ.
ಹೋಗುವಾಗ ನಿನಗೆ ಹೇಳಿ ಹೋಯಿತೇ?
ಟೆಸ್ಟರನ್ನು ಮೊದಲು ಹಜಾರದ ಪ್ಲಗ್ಗಿಗೆ ಚುಚ್ಚಿಸಿದ,
ಕಣ್ಣು ಬಿಟ್ಟಿತು.
ಇಲ್ಲಿಗೆ ತಂದೆ, ಮೇಲಿನ ತೂತುಗಳಿಗೆ, ಕೆಳಗಿನವಕ್ಕೆ:
ಬಿಡಲಿಲ್ಲ.
ಮತ್ತೆ ಹಜಾರಕ್ಕೆ ಓಡಿಸಿದ,
ನಡುದಾರಿಯಲ್ಲಿ ಟೆಸ್ಟರೇ ಸತ್ತಿದ್ದರೆ?
ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ;
ಇವನು ಪ್ರಮಾಣವನ್ನೇ ಪ್ರಮಾಣಿಸುತ್ತಾನೆ.

ಪಾಠ ಒಪ್ಪಿಸು, ಎಂದ.
ಕಪ್ಪು ಹಿತ್ತಾಳೆಗೆ
ಬಿಳಿ ಬೆಳ್ಳಿಗೆ
ಬತ್ತಲೆ ತಾಮ್ರ ಹಸಿರಿಗೆ.
ಇನ್ನೊಮ್ಮೆ. ಇನ್ನೊಮ್ಮೆ ಹೇಳಿದೆ.
ಎರಡು ತಿರುಪು ಬಿಚ್ಚಿ ಹಳೆಯದನ್ನು ಈಚೆಗೆಳೆದೆ,
ಜೊತೆಗೆ ಒಣಗಿದ ನೊಣ, ಗಾರೆಪುಡಿ,
ಬೆನ್ನ ಹಿಂದೆ ಐವತ್ತು ವರ್ಷದ ಕತ್ತಲೆ.

ಆಂಬ್ರೋಸ್, ಇಲ್ಲಿ ಕಪ್ಪು ಬೆಳ್ಳಿಯ ಮೇಲಿದೆ.

ಬಂದರಿನಲ್ಲಿ ಮಂಜಿನ ಕಹಳೆ ಒಮ್ಮೆ ಊದಿತು.
ಟೇಪು ಹೇಗಿದೆ? ಎಂದ.
ಬಟ್ಟೆಯ ಟೇಪು. ತುದಿಯನ್ನು ಮಡಚಿ ಕಿವಿ ಮಾಡಿದ್ದಾರೆ,
ಮುಂದೆ ಬಿಚ್ಚುವವರಿಗೆ ಸುಲಭವಾಗಲೆಂದು.
ಇನ್ನೊಮ್ಮೆ ಊದಿತು.
ಎಪ್ಪತ್ನಾಲ್ಕು, ಎಂದ. ನನಗೆ ಹತ್ತೊಂಬತ್ತು.
ನಿನ್ನಮ್ಮ ಟೀ ಕೊಟ್ಟಳು, ಹದಿನೈದು ಡಾಲರು ಕೊಟ್ಟಳು.

ಟಾರ್ಚು ಹಿಡಿದವಳು ನಾನೇ ಇರಬೇಕು.
ಹನ್ನೊಂದು ವರ್ಷ, ಕಣ್ಣು ಕಿಟಕಿಯಾಚೆ,
ಬೆಳಕು ಎತ್ತಲೋ.

ಐವತ್ತು ವರ್ಷ ಈ ಪ್ಲಗ್ಗು ಒಂದು ದಿನ ಮುನಿಯಲಿಲ್ಲ.
ಕೆಟಲಿನಲ್ಲಿ ನೀರು ಕುದಿಯಿತು, ಬ್ರೆಡ್ಡು ಕೆಂಪಾಯಿತು.
ತಪ್ಪು ಕೂಡ ಸರಿಯಷ್ಟೇ ಹದವಾಗಿ ಸುಡುತ್ತದೆ,
ಅದೇ ಅದರ ಮೋಸ.
ಆರಿಸಿಟ್ಟ ಟೋಸ್ಟರಿನ ಎಳೆಗಳಲ್ಲೂ
ಅದು ಎಚ್ಚರವಾಗಿಯೇ ಕೂತಿರುತ್ತಿತ್ತು,
ಸಿಕ್ಕಿಕೊಂಡ ಚೂರನ್ನು ಫೋರ್ಕಿನಿಂದ ಕೆದಕುವವರಿಗಾಗಿ.
ನಾವು ಕೆದಕಿದ್ದೇವೆ. ಅಮ್ಮ, ತಂಗಿ, ನಾನು,
ಹಸಿದ ಬೆಳಗುಗಳಲ್ಲಿ, ಬರಿಗಾಲಲ್ಲಿ.

ಇದನ್ನು ಅವನಿಗೆ ಹೇಳಲಿಲ್ಲ.
ಅವನಿಗೆ ಗೊತ್ತಿತ್ತು.

ಸುಲಿಯುವುದು ನನಗೆ ಬರುವ ಕೆಲಸ:
ತೊಗಲು ಹೋಗಬೇಕು, ಮಾಂಸಕ್ಕೆ ಗೀರು ಬೀಳಬಾರದು.
ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ
ತಿರುಪು ತಿರುಗುವ ದಿಕ್ಕಿಗೇ ತೊಡಿಸಿದೆ,
ಬಿಗಿದೆ, ಒಂದೊಂದನ್ನೂ ಜಗ್ಗಿ ನೋಡಿದೆ.
ಕಪ್ಪು ಹಿತ್ತಾಳೆಗೆ.
ಬಿಳಿ ಬೆಳ್ಳಿಗೆ.
ಮೂರನೆಯದನ್ನು ಹೇಳುವಾಗ
ಕುರ್ಚಿಯಿಂದಲೂ ಮೆಲ್ಲಗೆ ದನಿ ಬಂತು.

ಮುಚ್ಚಳ ಹಾಕಿ, ಕೆಳಗಿಳಿದು, ಚೀಟಿ ಕಿತ್ತು, ಬ್ರೇಕರ್ ಎತ್ತಿ
ಮೂರು ದೀಪದ ಪುಟ್ಟ ಪರೀಕ್ಷಕನನ್ನು ಸಿಕ್ಕಿಸಿದೆ.
ಎರಡು ಹಳದಿ ಉರಿದವು, ಕೆಂಪು ಉರಿಯಲಿಲ್ಲ.
ಹಾಗಿದ್ದರೆ ಸರಿ, ಎಂದು ಅದರ ಬೆನ್ನ ಮೇಲೇ ಬರೆದಿತ್ತು.
ರೇಡಿಯೋ ಹವಾಮಾನ ಹೇಳತೊಡಗಿತು.

ಆಗ ಎದ್ದ ಆಂಬ್ರೋಸ್, ಕರಾರು ಮುರಿದು.
ಮೇಜು ಹಿಡಿದು, ಗೋಡೆ ಹಿಡಿದು,
ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತ:
ಆ ಬೇಸಿಗೆ ಈ ಸಾಲಿನಲ್ಲಿ ಏಳು ಮನೆ ಮಾಡಿದ್ದೆ.
ಕಿಟಕಿಯಾಚೆ ಕೆಂಪು ಮನೆ, ಅದರಾಚೆ ಹಳದಿ,
ಆಮೇಲಿನ ಮನೆಗಳಿಗೆ ಮಂಜಿನ ಬಣ್ಣ.

ಟೆಸ್ಟರು ತಗೋ, ಎಂದ.
ಕೈ ನಿನ್ನದು.