ತುರಿಮಣೆ ಯಾರಲ್ಲಿದೆ?

ರೂವಿಯ ಹೋಂಡಾ ರಸ್ತೆಯ ಹಿಂದೆ
ಲಿಫ್ಟಿಲ್ಲದ ಆ ಮೂರು ಮಹಡಿಗೆ
ಇದ್ದದ್ದು ಒಂದೇ ತುರಿಮಣೆ. ನನ್ನದು.
ಎಂಬತ್ತಾರರಲ್ಲಿ ಹಳೇ ಸೀರೆಯಲ್ಲಿ ಸುತ್ತಿ ತಂದದ್ದು.
ಸೀಬ್ ವಿಮಾನ ನಿಲ್ದಾಣದಲ್ಲಿ ಗಂಟು ಬಿಚ್ಚಿಸಿ
ಅದರ ಹಲ್ಲು ಮುಟ್ಟಿ ನೋಡಿದ ಅಧಿಕಾರಿ
ಏನೋ ಕೇಳಿದ. ನನಗೆ ಅರಬ್ಬಿ ಬಾರದು.
ಅಲ್ಲೇ ನೆಲದಲ್ಲಿ ಮಣೆಯೇರಿ ಕುಳಿತು
ಇಲ್ಲದ ಕಾಯಿಯ ಇಲ್ಲದ ಹೋಳನ್ನು
ಎರಡೂ ಕೈಯಲ್ಲಿ ತಿರುಗಿಸಿ ತೋರಿಸಿದೆ.
ಸಾಲಿಗೆ ಸಾಲೇ ನಕ್ಕಿತು. ಅವನೂ ನಕ್ಕ. ಬಿಟ್ಟ.

ಆಮೇಲೆ ಅದು ನನ್ನ ಮನೆಯಲ್ಲಿ ನಿಂತದ್ದೇ ಕಡಿಮೆ.
ಎವ್ಲಿನಳ ನೆವ್ರಿಗೆ ಹೋದದ್ದು
ಐಸಮ್ಮನ ನೈಪತ್ತಿರಿಗೆ ಇಳಿದು
ಅಲ್ಲಿಂದ ಯಾರದೋ ಸೀಮಂತಕ್ಕೆ ಹತ್ತಿ
ತಿಂಗಳ ಮೇಲೆ ತಿರುಗಿ ಬರುತ್ತಿತ್ತು,
ಬರಿಗೈಯಲ್ಲಿ ಎಂದೂ ಅಲ್ಲ.
ಕರಕರ ಸದ್ದು ಯಾವ ಗೋಡೆಯಾಚೆಗೋ
ಆ ಮನೆಯಲ್ಲಿ ಹಬ್ಬ.

ಹಬ್ಬವೋ, ಪಂಚಾಂಗದ ಮಾತು ಕೇಳುತ್ತಿರಲಿಲ್ಲ.
ಚೌತಿ ಮಂಗಳವಾರ ಬಿದ್ದರೆ
ಗಣಪತಿಯೂ ನಮ್ಮಂತೆ ರಜೆ ಸಿಗದೆ
ಶುಕ್ರವಾರದವರೆಗೆ ಕಾಯುತ್ತಿದ್ದ.
ಬಹ್ಲಾದ ಕುಂಬಾರಮಣ್ಣು
ನೀರಿನ ಟ್ಯಾಂಕರ್ ಓಡಿಸುವ ನಾಸರ್ ತಂದುಕೊಟ್ಟದ್ದು.
ತಿದ್ದುವವ ಕೊಗ್ಗಣ್ಣ. ಕ್ರೇನ್ ನಡೆಸುವ ಕೈ,
ಸೊಂಡಿಲು ಪ್ರತಿ ವರ್ಷವೂ ಕೊಕ್ಕೆ.
ಸಂಜೆ ನೀಲಿ ಬಕೆಟಿನಲ್ಲಿ ಮುಳುಗಿಸಿ
ಕದಡಿದ ನೀರನ್ನು ಹಿತ್ತಲ ಬೇವಿಗೆ ಹೊಯ್ಯುತ್ತಿದ್ದೆವು.
ಹೋದ ವರ್ಷದ ಮಣ್ಣೇನಾಯಿತು? ನಾಸರ್ ಕೇಳುವನು.
ಮರವಾಯಿತು, ಎನ್ನುವನು ಕೊಗ್ಗಣ್ಣ.

ಸುಖವಿತ್ತು ಎಂದು ಹೇಳಲಾರೆ.
ತಂತಿ ಬಂದು ಎರಡು ದಿನಕ್ಕೆ ಅರ್ಥವಾದ ಸಾವುಗಳಿದ್ದವು.
ಪಾಸ್‌ಪೋರ್ಟು ಯಾರದೋ ಕಪಾಟಿನಲ್ಲಿತ್ತು.
ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆವು.
ಆದರೆ ನಲ್ಲಿ ಹೆಚ್ಚು ಹೊತ್ತು ಹರಿದರೆ
ಬಾಗಿಲು ಬಡಿಯಲು ಒಬ್ಬರಿದ್ದರು.

ಈಗ ಘುಬ್ರಾದಲ್ಲಿ ಮಗನ ಜೊತೆ, ನಾಲ್ಕನೇ ಮಹಡಿ.
ಐಸಮ್ಮ ಉಪ್ಪಿನಂಗಡಿಯಲ್ಲಿ, ಮೊಣಕಾಲು ಹಿಡಿದಿದೆಯಂತೆ.
ಎವ್ಲಿನಳ ಸುದ್ದಿ ಎರಡು ಕ್ರಿಸ್ಮಸ್‌ನಿಂದ ಇಲ್ಲ.
ಹೋದ ಸಲದ ಚೌತಿಗೆ ಹೋಟೆಲಿನ ಹಾಲ್.
ಒಳಗೆ ಬಿಡಲು ಕೈಗೊಂದು ಪಟ್ಟಿ ಕಟ್ಟಿದರು
ಆಸ್ಪತ್ರೆಯಲ್ಲಿ ಕಟ್ಟುವಂಥದ್ದು.
ಊಟ ಚೆನ್ನಾಗಿಯೇ ಇತ್ತು, ಸುಳ್ಳೇಕೆ,
ಕಡುಬು ಇಪ್ಪತ್ತೆರಡು ಬಗೆಯ ನಡುವೆ ತಣ್ಣಗಿತ್ತು.
ಪಕ್ಕದವರು ನನ್ನನ್ನು ಕೇಳಿದ್ದು ಒಂದೇ ಮಾತು:
ಆಂಟಿ, ಒಂದು ಫೋಟೋ ತೆಗೆದುಕೊಡ್ತೀರಾ?

ಈ ಸಲ ಕಟ್ಟಡದ ಗುಂಪಿಗೆ ಬರೆದೆ,
ಒಂದೊಂದೇ ಅಕ್ಷರ ಹುಡುಕಿ ಒತ್ತಿ:
ನನ್ನ ತುರಿಮಣೆ ಯಾರಲ್ಲಿದೆ?
ನಾಳೆ ಹಬ್ಬ, ತಂದುಕೊಡಿ.

ಹನ್ನೊಂದು ಹೆಬ್ಬೆರಳು ಬಂದವು.
ಮೂರು ಜನ ಕೈಮುಗಿದರು.
ತುರಿದ ಕಾಯಿಯೇ ಸಿಗುತ್ತದೆ ಆಂಟಿ, ಫ್ರೀಜರಿನಲ್ಲಿ,
ಎಂದು ಒಬ್ಬಳು ಬೆಲೆಯನ್ನೂ ಹಾಕಿದಳು.
ಮಗ ತಲೆಯೆತ್ತದೆ, ಅಮ್ಮಾ, ಏನಿದೆಲ್ಲ, ಎಂದ.

ರಾತ್ರಿ ಒಂಬತ್ತೂವರೆಗೆ ಬಾಗಿಲ ಸದ್ದು.
ಗಂಟೆಯಲ್ಲ, ಬೆರಳ ಗೆಣ್ಣು.
ಸಣ್ಣ ಹುಡುಗಿ, ಸೊಂಟದಲ್ಲಿ ಕೂಸು,
ಬಗಲಲ್ಲಿ ಟವೆಲಿನಲ್ಲಿ ಸುತ್ತಿದ ಏನೋ.
ನಾ ಮಲ್ಲವ್ವ ರೀ, ಗದಗ, ಎಂಟನೇ ಮಾಳಗಿ.
ತುರಿಮಣಿ ಇಲ್ರಿ ನಮ್ಮಲ್ಲಿ. ಈಳಿಗಿ ಐತಿ,
ತುದಿಗೆ ಹಲ್ಲೂ ಅದಾವು.
ನಡೀತೈತೇನ್ರಿ?

ಮಂಚದ ಕೆಳಗೆ, ಅದೇ ಹಳೇ ಸೀರೆಯಲ್ಲಿ
ನನ್ನ ತುರಿಮಣೆ ಉಸಿರು ಹಿಡಿದು ಮಲಗಿತ್ತು.
ಎಲ್ಲಿಗೂ ಹೋಗಿರಲಿಲ್ಲ ಅದು,
ಹನ್ನೆರಡು ವರ್ಷದಿಂದ.

ನಡೀತದೆ, ಎಂದೆ.
ಧಾರಾಳ ನಡೀತದೆ.

ಕೂಸು ನನ್ನ ಕನ್ನಡಕಕ್ಕೆ ಕೈ ಹಾಕಿತು.
ನಾಳೆ ಹಿಂದಿರುಗಿಸಬೇಕು. ಎಂಟನೇ ಮಹಡಿ.
ಬರಿಗೈಯಲ್ಲಿ ಹೇಗೆ ಹೋಗುವುದು,
ಅಕ್ಕಿ ನೆನೆಹಾಕಿದ್ದೇನೆ.